ಸಾಕುಮೀನು ಮತ್ತು ಬಂಧವೆಂಬ ಅತಿಚಾರ

ಗೃಹಸ್ಥನ ಅಹಿಂಸೆಯನ್ನು ಕುರಿತು ನಮ್ಮ ಸಭೆಗಳಲ್ಲಿ ಮಾತು ಬಂದಾಗಲೆಲ್ಲ ವಿಚಾರವು ಸಾಮಾನ್ಯವಾಗಿ ಮೂರು ವಿಷಯಗಳ ಸುತ್ತ ನಿಲ್ಲುತ್ತದೆ: ನಾವು ಏನನ್ನು ಉಣ್ಣುತ್ತೇವೆ, ನೀರನ್ನು ಹೇಗೆ ಸೋಸುತ್ತೇವೆ, ಯಾವ ವ್ಯಾಪಾರವನ್ನು ಮಾಡುತ್ತೇವೆ. ಈ ಮೂರರಲ್ಲಿಯೂ ಹಿರಿಯರು ನಮಗೆ ಸ್ಪಷ್ಟವಾದ ಹಾದಿಯನ್ನು ಹಾಕಿಕೊಟ್ಟಿದ್ದಾರೆ. ಆದರೆ ಕಾಲ ಬದಲಾದಂತೆ ಹಿಂಸೆಯು ಹೊಸ ವೇಷಗಳಲ್ಲಿ ಮನೆಯೊಳಗೆ ಬರುತ್ತದೆ. ಕೆಲವೊಮ್ಮೆ ಅದು ಪ್ರೀತಿಯ ವೇಷದಲ್ಲಿಯೇ ಬರುತ್ತದೆ. ಅಂಥದೊಂದು ಸಣ್ಣ ವಸ್ತುವನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದ್ದೇನೆ. ಅದು ಮೇಜಿನ ಮೇಲಿನ ಗಾಜಿನ ಬಟ್ಟಲು ಮತ್ತು ಅದರೊಳಗಿನ ಒಂದೇ ಒಂದು ಮೀನು.

ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ನಮ್ಮ ಕಡೆಯ ಪೇಟೆಗಳಿಗೂ ಈಗ ಅಲಂಕಾರದ ಮೀನು ಬಂದಿದೆ. ಅದರಲ್ಲಿಯೂ 'ಫೈಟರ್' ಎಂದು ಮಾರುವ ಬೆಟ್ಟಾ ಮೀನು ಮಕ್ಕಳಿಗೆ ಬಲು ಪ್ರಿಯ. ಹುಟ್ಟುಹಬ್ಬದ ಉಡುಗೊರೆಯಾಗಿ, ಹೊಸ ಅಂಗಡಿಯ ಶೋಭೆಗಾಗಿ, ವಾಸ್ತುವಿನ ಹೆಸರಿನಲ್ಲಿ ಅದು ನಮ್ಮವರ ಮನೆಗಳನ್ನೂ ಸೇರುತ್ತಿದೆ. ಮೀನನ್ನು ಕೊಲ್ಲುವುದಿರಲಿ, ಕೊಂದದ್ದನ್ನು ಕಣ್ಣೆತ್ತಿ ನೋಡಲೂ ಹಿಂಜರಿಯುವ ಮನೆತನಗಳು ಜೀವಂತ ಮೀನನ್ನು ಸಾಕುವುದರಲ್ಲಿ ದೋಷವೇನನ್ನೂ ಕಾಣುವುದಿಲ್ಲ. ಸಾಕುವುದು ದಯೆಯೇ ಅಲ್ಲವೇ ಎಂಬ ಭಾವನೆ ಅವರದು. ಈ ಭಾವನೆ ಎಷ್ಟರಮಟ್ಟಿಗೆ ಸರಿ, ಎಲ್ಲಿ ತಪ್ಪುತ್ತದೆ ಎಂಬುದನ್ನು ನಿಧಾನವಾಗಿ ನೋಡೋಣ.

ಈ ಮೀನು ಎಲ್ಲಿಯದು?

ಬೆಟ್ಟಾ ಮೂಲತಃ ಥಾಯ್ಲೆಂಡ್ ದೇಶದ ಮೀನು. ಅಲ್ಲಿಯ ತಗ್ಗು ಜೌಗುಗಳಲ್ಲಿ, ಭತ್ತದ ಗದ್ದೆಗಳಲ್ಲಿ, ಗಿಡಬಳ್ಳಿ ದಟ್ಟವಾಗಿರುವ ನಿಧಾನದ ನೀರಿನಲ್ಲಿ ಅದರ ವಾಸ. 1910ರಲ್ಲಿ ಚಾರ್ಲ್ಸ್ ಟೇಟ್ ರೀಗನ್ ಎಂಬ ಬ್ರಿಟಿಷ್ ವಿಜ್ಞಾನಿ ಇದಕ್ಕೆ ಈಗಿನ ಶಾಸ್ತ್ರೀಯ ಹೆಸರನ್ನು ಕೊಟ್ಟನು. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಈ ಜಾತಿಯ ಗಂಡುಗಳು ತಮ್ಮ ಎಲ್ಲೆಯೊಳಗೆ ಇನ್ನೊಂದು ಗಂಡನ್ನು ಸಹಿಸುವುದಿಲ್ಲ. ಆ ದೇಶದಲ್ಲಿ ಜನರು ಈ ಸ್ವಭಾವವನ್ನೇ ಪಂದ್ಯಕ್ಕೆ ಬಳಸಿದರು. ತಲೆತಲಾಂತರದಿಂದ ಹೆಚ್ಚು ಕಾದಾಡುವ ಮೀನುಗಳನ್ನೇ ಆರಿಸಿ ಬೆಳೆಸಿದರು. ಮುಂದೆ ಉದ್ದನೆಯ ಬಣ್ಣಬಣ್ಣದ ಈಜುರೆಕ್ಕೆಗಳಿಗಾಗಿ ಮತ್ತೊಂದು ರೀತಿಯ ಆಯ್ಕೆ ನಡೆಯಿತು. ಇಂದು ನಮ್ಮ ದೇಶದಲ್ಲಿಯೇ ಇದನ್ನು ದೊಡ್ಡ ಪ್ರಮಾಣದಲ್ಲಿ ಮರಿ ಮಾಡಿಸುತ್ತಾರೆ. ಚೆನ್ನೈನ ಕೊಳತ್ತೂರು ಅಲಂಕಾರದ ಮೀನಿನ ಹೆಸರಾಂತ ಪೇಟೆ.

ಈ ಮೀನಿನ ಕಿವಿರುಗಳ ಮೇಲ್ಭಾಗದಲ್ಲಿ ಮಡಿಕೆ ಮಡಿಕೆಯಾದ ಒಂದು ವಿಶೇಷ ಅಂಗವಿದೆ. ಅದರ ನೆರವಿನಿಂದ ಅದು ನೀರಿನ ಮೇಲಕ್ಕೆ ಬಂದು ನಮ್ಮಂತೆ ಗಾಳಿಯನ್ನೇ ಉಸಿರಾಡಬಲ್ಲದು. ಬೇಸಿಗೆಯಲ್ಲಿ ಜೌಗಿನ ನೀರು ಇಂಗಿ ಪ್ರಾಣವಾಯು ಕಡಿಮೆಯಾದಾಗ ಬದುಕಿ ಉಳಿಯಲು ಪ್ರಕೃತಿ ಅದಕ್ಕೆ ಕೊಟ್ಟ ಶಕ್ತಿ ಇದು. ವ್ಯಾಪಾರಿಗೆ ಈ ಶಕ್ತಿಯೇ ಅನುಕೂಲವಾಯಿತು. ಬೇರೆ ಮೀನುಗಳು ಅರ್ಧ ಲೀಟರ್ ನೀರಿನಲ್ಲಿ ಬೇಗನೆ ಸಾಯುತ್ತವೆ, ಇದು ಸಾಯುವುದಿಲ್ಲ. ಆದ್ದರಿಂದ ಇದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಉಪ್ಪಿನಕಾಯಿ ಬಾಟಲಿಯಲ್ಲಿ ತುಂಬಿ ಸಾಲಾಗಿ ಇಟ್ಟು ಮಾರಬಹುದೆಂಬ ರೂಢಿ ಬಂತು. ಆಪತ್ಕಾಲಕ್ಕೆಂದು ಸಿಕ್ಕ ಸಾಮರ್ಥ್ಯವು ಜೀವನಪರ್ಯಂತದ ಸೆರೆಗೆ ಕಾರಣವಾಯಿತು.

ಸಾಯದಿದ್ದರೆ ಸಾಕೇ?

ಬಂಧುಗಳ ಮನೆಯ ಹನ್ನೆರಡು ವರ್ಷದ ಹುಡುಗನೊಬ್ಬನು ಈ ವಿಷಯದಲ್ಲಿ ನನ್ನನ್ನು ನೇರವಾಗಿ ಕೇಳಿದ್ದುಂಟು: "ತಾತಾ, ಅದು ಬಾಟಲಿಯಲ್ಲಿಯೂ ಸಾಯುವುದಿಲ್ಲವಲ್ಲ, ಮತ್ತೆ ಅದಕ್ಕೇನು ತೊಂದರೆ?" ಪ್ರಶ್ನೆ ಸಣ್ಣವನದಾದರೂ ಸಣ್ಣದಲ್ಲ. ನಾವು ದೊಡ್ಡವರೂ ಬಹುಮಟ್ಟಿಗೆ ಹೀಗೆಯೇ ಯೋಚಿಸುತ್ತೇವೆ. ಕೊಲ್ಲದಿದ್ದರೆ ಅಹಿಂಸೆ ಪೂರ್ಣವಾಯಿತೆಂದು ತಿಳಿಯುತ್ತೇವೆ.

ಶ್ರಾವಕಾಚಾರವು ಹಾಗೆ ಹೇಳುವುದಿಲ್ಲ. ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ವಾಚಕರು ಬಲ್ಲರು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿದ ಹೊರೆ ಹೇರುವುದು, ಅನ್ನ ನೀರನ್ನು ತಡೆಯುವುದು. ಇಲ್ಲಿ 'ವಧ' ಎಂದರೂ ಕೊಲೆಯಲ್ಲ, ಹೊಡೆತ. ಈ ಐದರಲ್ಲಿ ಒಂದೂ ಪ್ರಾಣ ತೆಗೆಯುವ ಕ್ರಿಯೆಯಲ್ಲ ಎಂಬುದನ್ನು ಗಮನಿಸಬೇಕು. ಜೀವ ಉಳಿದಿರುವಾಗಲೇ ಅದಕ್ಕೆ ಕೊಡುವ ಪೀಡೆಯನ್ನು ಕುರಿತೇ ಆಚಾರ್ಯರು ಇಲ್ಲಿ ಎಚ್ಚರಿಸಿದ್ದಾರೆ. ಐದರ ಎಣಿಕೆಯಲ್ಲಿ ಮೊದಲು ಬರುವುದು ಬಂಧ.

ಹಾಗಾದರೆ ದನಕರುಗಳನ್ನು ಕಟ್ಟುವ ಗೃಹಸ್ಥರೆಲ್ಲರೂ ದೋಷಿಗಳೇ? ವ್ಯಾಖ್ಯಾನಕಾರರು ಈ ಪ್ರಶ್ನೆಯನ್ನು ಎದುರಿಸಿದ್ದಾರೆ. ಪ್ರಯೋಜನವಿಲ್ಲದ ಬಂಧ ಒಂದು, ಪ್ರಯೋಜನವಿರುವ ಬಂಧ ಇನ್ನೊಂದು. ಪ್ರಯೋಜನವಿರುವುದರಲ್ಲಿಯೂ ಜೀವದ ಬಗ್ಗೆ ಕಾಳಜಿ ಇಟ್ಟುಕೊಂಡು ಕಟ್ಟುವುದು ಬೇರೆ, ನಿರ್ದಯವಾಗಿ ಕಟ್ಟುವುದು ಬೇರೆ. ಕಾಳಜಿಯಿಂದ ಕಟ್ಟುವವನು ಹಗ್ಗವನ್ನು ಸಡಿಲವಾಗಿ ಗಂಟು ಹಾಕುತ್ತಾನೆ. ಬೆಂಕಿ ಬಿದ್ದರೆ ಪಶು ಬಿಡಿಸಿಕೊಂಡು ಓಡುವಂತಿರಬೇಕು. ಗೃಹಸ್ಥನು ಕಟ್ಟಬಾರದೆಂದಲ್ಲ, ಕಟ್ಟಿದ ಮೇಲೂ ಆ ಪ್ರಾಣಿಗೆ ಅಪಾಯದಿಂದ ಪಾರಾಗುವ ದಾರಿ ಉಳಿದಿರಬೇಕೆಂಬುದು ಇದರ ತಾತ್ಪರ್ಯ.

ಈ ಅಳತೆಯನ್ನು ಮೀನಿಗೆ ಹಚ್ಚಿ ನೋಡಿರಿ. ಹಸುವಿನ ಹಗ್ಗ ನಮ್ಮ ಕಣ್ಣಿಗೆ ಕಾಣುತ್ತದೆ. ಮೀನಿಗೆ ಅದರ ನೀರೇ ಹಗ್ಗ. ಹೊಳೆಯ ಮೀನು ನೀರು ಕೆಟ್ಟರೆ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ, ಬಿಸಿಯಾದರೆ ಆಳಕ್ಕೆ ಇಳಿಯುತ್ತದೆ, ಹಸಿದರೆ ಹುಡುಕಿಕೊಂಡು ಹೋಗುತ್ತದೆ. ಬಟ್ಟಲಿನ ಮೀನಿಗೆ ಈ ಮೂರೂ ದಾರಿಗಳಿಲ್ಲ. ಅದರ ಗಂಟನ್ನು ಸಡಿಲಿಸಲು ಬರುವುದಿಲ್ಲ. ಆದ್ದರಿಂದ ಹೊಳೆಯು ತಾನಾಗಿ ಮಾಡುತ್ತಿದ್ದ ಅಷ್ಟೂ ಕೆಲಸ ಕಟ್ಟಿದವನ ಮೇಲೆ ಬೀಳುತ್ತದೆ. ಆ ಕೆಲಸವನ್ನು ಮಾಡಲು ಬಾರದವನು, ಇಲ್ಲವೆ ಮಾಡಲು ಬಿಡುವಿಲ್ಲದವನು ಮೀನನ್ನು ಕಟ್ಟಬಾರದು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದುದೆಲ್ಲ ಇದರ ವಿವರ.

ಮೀನಿಗೆ ನೋವು ತಿಳಿಯುವುದೇ ಎಂಬ ಸಂಶಯವನ್ನು ಕೆಲವರು ಎತ್ತುತ್ತಾರೆ. ಜಲಚರಗಳಾದ ಮೀನುಗಳನ್ನು ಪಂಚೇಂದ್ರಿಯ ತಿರ್ಯಂಚರೆಂದು ಎಣಿಸುವ ನಮಗೆ ಈ ಸಂಶಯ ಬರಬಾರದು. ಮಹಾಮತ್ಸ್ಯದ ಕಿವಿಯಲ್ಲಿದ್ದ ಅಕ್ಕಿಕಾಳಿನಷ್ಟು ಸಣ್ಣ ತಂದುಲಮತ್ಸ್ಯವು ಕೇವಲ ತನ್ನ ದುರ್ಭಾವನೆಯಿಂದ ನರಕಕ್ಕೆ ಹೋಯಿತೆಂಬ ಕಥೆಯನ್ನು ಹೇಳುವ ಪರಂಪರೆಯು ಮೀನಿಗೆ ಮನಸ್ಸಿಲ್ಲವೆಂದು ಹೇಗೆ ಹೇಳೀತು? ವಿಜ್ಞಾನವೂ ಇತ್ತೀಚೆಗೆ ಇದೇ ಕಡೆಗೆ ಬಂದಿದೆ. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆಯಲ್ಲಿ ನೋವನ್ನು ಗ್ರಹಿಸುವ ನರತಂತುಗಳಿರುವುದನ್ನು ಪ್ರಕಟಿಸಿದರು.

ನೀರಿನ ಜಮಾಖರ್ಚು

ಇನ್ನು ಹೊಳೆಯ ಕೆಲಸವೆಂದರೆ ಏನೆಂಬುದನ್ನು ನೋಡೋಣ. ನಾನು ಲೆಕ್ಕಪತ್ರದ ಮನುಷ್ಯನಾದುದರಿಂದ ಅದೇ ಮಾತಿನಲ್ಲಿ ಹೇಳುವುದು ನನಗೆ ಸುಲಭ. ಮೀನಿನ ತೊಟ್ಟಿಯೂ ಒಂದು ಖಾತೆ ಪುಸ್ತಕ. ಒಂದು ಕಡೆ ಆಹಾರ ಜಮಾ ಆದರೆ ಇನ್ನೊಂದು ಕಡೆ ಮಲಿನ ಬಂದೇ ಬರುತ್ತದೆ. ಮೀನು ತನ್ನ ದೇಹದ ಕಲ್ಮಶವನ್ನು ಬಹುಪಾಲು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಅಮೋನಿಯಾ. ಇದಕ್ಕೆ ಬಣ್ಣವಿಲ್ಲ, ನೀರು ತಿಳಿಯಾಗಿಯೇ ಕಾಣುತ್ತದೆ. ಆದರೆ ಅದು ಕಿವಿರುಗಳನ್ನು ಸುಡುತ್ತದೆ. ಬೆಟ್ಟಾ ಮೀನು ಮೇಲಿನ ಗಾಳಿಯನ್ನು ಉಸಿರಾಡಬಲ್ಲದು ನಿಜ; ಆದರೆ ಕೆಳಗಿನ ವಿಷದಿಂದ ಆ ಶಕ್ತಿಯು ಅದನ್ನು ಕಾಪಾಡಲಾರದು. ಹುಡುಗನ ಪ್ರಶ್ನೆಗೆ ಇದೇ ಉತ್ತರ. ಬಾಟಲಿಯಲ್ಲಿ ಅದು ಉಸಿರುಗಟ್ಟಿ ಸಾಯುವುದಿಲ್ಲ. ತನ್ನದೇ ಮಲಿನದಲ್ಲಿ ದಿನದಿನವೂ ಬೇಯುತ್ತದೆ.

ಹೊಳೆಯಲ್ಲಿ, ಕೆರೆಯಲ್ಲಿ ಈ ಅಮೋನಿಯಾವನ್ನು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಬಹಳ ಸೌಮ್ಯ, ಗಿಡಗಳಿಗೆ ಅದು ಗೊಬ್ಬರ. ತೊಟ್ಟಿಯಲ್ಲಿ ಈ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಸುಮಾರು 4ರಿಂದ 6 ವಾರ ಬೇಕು. ಅವು ಕಲ್ಲುಹರಳು, ಸ್ಪಂಜು, ಗಾಜಿನ ಮೈಯ ಮೇಲೆ ಮನೆ ಮಾಡುತ್ತವೆ. ಶುಚಿತ್ವದ ಹೆಸರಿನಲ್ಲಿ ವಾರಕ್ಕೊಮ್ಮೆ ಎಲ್ಲ ನೀರನ್ನೂ ಚೆಲ್ಲಿ, ಹರಳುಗಳನ್ನು ಸೋಪಿನಿಂದ ತಿಕ್ಕಿ ತೊಳೆಯುವವರು ಆ ಜೀವಿಗಳನ್ನೂ ನಾಶಮಾಡುತ್ತಾರೆ, ಮೀನನ್ನೂ ಮತ್ತೆ ಮೊದಲಿನ ವಿಷಕ್ಕೆ ಒಪ್ಪಿಸುತ್ತಾರೆ.

ಆದ್ದರಿಂದ ಕ್ರಮ ಹೀಗಿರಬೇಕು. ಒಂದು ಬೆಟ್ಟಾ ಮೀನಿಗೆ 15ರಿಂದ 20 ಲೀಟರ್ ಹಿಡಿಯುವ, ಎತ್ತರಕ್ಕಿಂತ ಅಗಲ ಹೆಚ್ಚಿರುವ ತೊಟ್ಟಿ ಬೇಕು. ನೀರನ್ನು ಜೋರಾಗಿ ತಿರುಗಿಸದ ಸಣ್ಣ ಸ್ಪಂಜು ಫಿಲ್ಟರ್ ಬೇಕು. ಉದ್ದನೆಯ ರೆಕ್ಕೆಯ ಮೀನಿಗೆ ಸೆಳೆತ ಆಗದು. ಮೇಲ್ಗಾಳಿಯನ್ನು ಉಸಿರಾಡುವ ಮೀನಾದುದರಿಂದ ನೀರಿನ ಮೇಲೆ ನಾಲ್ಕಾರು ಬೆರಳಷ್ಟು ಜಾಗ ಬಿಡಬೇಕು. ಅದು ಹೊರಕ್ಕೆ ಜಿಗಿಯದಂತೆ ಗಾಳಿಯಾಡುವ ಮುಚ್ಚಳವಿರಬೇಕು. ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರನ್ನು ಮಾತ್ರ ತೆಗೆದು, ಅದೇ ಬಿಸುಪಿನ ಹೊಸ ನೀರನ್ನು ನಿಧಾನವಾಗಿ ಸೇರಿಸಬೇಕು. ತೆಗೆದ ನೀರನ್ನು ಹೂಗಿಡಕ್ಕೆ ಹಾಕಬಹುದು. ಸ್ಪಂಜನ್ನು ನಳದ ಕೆಳಗೆ ಹಿಡಿಯದೆ ಆ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡಬೇಕು. ಪರೀಕ್ಷೆಯ ಕಿಟ್ಟಿನಲ್ಲಿ ನೋಡಿದರೆ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಯಾಗಿರಬೇಕು. ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು.

ನಮ್ಮ ಊರುಗಳ ನೀರು

ಪುಸ್ತಕದ ಈ ಕ್ರಮವನ್ನು ನಮ್ಮ ನೆಲಕ್ಕೆ ಹೊಂದಿಸಿಕೊಳ್ಳುವಾಗ ತೊಡಕುಗಳಿವೆ. ಸಿಂಧನೂರಿನ ಬದುಕು ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿದ್ದು. ಕಾಲುವೆಯ ನೀರು ಮೆದು. ಆದರೆ ನಳಕ್ಕೆ ಬರುವಾಗ ಅದರಲ್ಲಿ ಕ್ಲೋರಿನ್ ಇರುತ್ತದೆ. ನಮ್ಮನ್ನು ರೋಗದಿಂದ ಕಾಯುವ ಆ ಕ್ಲೋರಿನ್ ಮೀನಿನ ಕಿವಿರಿಗೂ ತೊಟ್ಟಿಯ ಸೂಕ್ಷ್ಮಜೀವಿಗಳಿಗೂ ಮಾರಕ. ಅಗಲ ಬಾಯಿಯ ಪಾತ್ರೆಯಲ್ಲಿ ನೀರನ್ನು ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಅದು ಬಹುಮಟ್ಟಿಗೆ ಹೋಗುತ್ತದೆ. ಹಿಂದೆ ಫೋಟೋ ಸ್ಟುಡಿಯೋದವರು 'ಹೈಪೋ' ಎಂದು ಬಳಸುತ್ತಿದ್ದ ಸೋಡಿಯಂ ಥಯೋಸಲ್ಫೇಟ್ ಹರಳನ್ನೇ ಇಂದು ಅಕ್ವೇರಿಯಂ ಅಂಗಡಿಯವರು ಕ್ಲೋರಿನ್ ತೆಗೆಯುವ ಔಷಧವೆಂದು ಮಾರುತ್ತಾರೆ. ಭತ್ತದ ಗದ್ದೆಗಳಿಗೆ ಔಷಧಿ ಹೊಡೆಯುವ ದಿನಗಳಲ್ಲಿ ಕಾಲುವೆಯಿಂದ ನೇರವಾಗಿ ನೀರು ತರುವುದು ಸಲ್ಲದು. ಮನೆಯೊಳಗೆ ಸೊಳ್ಳೆಬತ್ತಿ ಹಚ್ಚುವಾಗಲೂ ಸ್ಪ್ರೇ ಹೊಡೆಯುವಾಗಲೂ ಎಚ್ಚರ ಬೇಕು. ಆ ಔಷಧಗಳು ಮೀನಿಗೆ ಅತ್ಯಂತ ವಿಷ.

ಮಸ್ಕಿ, ಲಿಂಗಸುಗೂರು ಕಡೆಯ ಕೊಳವೆಬಾವಿಗಳ ಮಾತು ಬೇರೆ. ಕೃಷ್ಣೆಯು ಲಿಂಗಸುಗೂರು ತಾಲ್ಲೂಕಿನ ಅಂಚಿನಲ್ಲಿಯೇ ಹರಿದರೂ ಹಳ್ಳಿಗಳಲ್ಲಿ ಹಲವರಿಗೆ ನೆಲದೊಳಗಿನ ನೀರೇ ಗತಿ. ರಾಯಚೂರು ಜಿಲ್ಲೆಯ ಅನೇಕ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ನಮಗೆಲ್ಲ ಗೊತ್ತಿರುವ ದುಃಖ. ಆ ನೀರು ಗಡುಸು, ಅನೇಕ ಕಡೆ ಸವಳು. ಬೆಟ್ಟಾ ಮೀನಿಗೆ ಪಿಎಚ್ ಅಳತೆಯಲ್ಲಿ 6.5ರಿಂದ 7.5ರವರೆಗಿನ ನೀರು ಹಿತ. ಕ್ಷಾರ ಹೆಚ್ಚಿದ ನೀರಿನಲ್ಲಿ ಅಮೋನಿಯಾದ ವಿಷವೂ ಹೆಚ್ಚುತ್ತದೆ: ಪಿಎಚ್ 7ರಿಂದ 8ಕ್ಕೆ ಏರಿದರೆ ಅದರ ವಿಷಕಾರಿ ಭಾಗ ಸುಮಾರು ಹತ್ತು ಪಟ್ಟು ಆಗುತ್ತದೆ. ಹಾಗೆಂದು ಶುದ್ಧ ನೀರಿನ ಘಟಕದ ಆರ್‌ಓ ನೀರನ್ನೇ ತುಂಬುವುದೂ ಸರಿಯಲ್ಲ. ಅದರಲ್ಲಿ ಲವಣಗಳು ಬಹಳ ಕಡಿಮೆ. ಮೀನಿನ ದೇಹಕ್ಕೂ ನೀರಿನ ಸ್ಥಿರತೆಗೂ ಸ್ವಲ್ಪ ಲವಣ ಬೇಕು. ಎರಡನ್ನೂ ಬೆರೆಸಿ, ಪ್ರತಿಸಲವೂ ಅದೇ ಪ್ರಮಾಣದಲ್ಲಿ ಬಳಸುವುದು ಲೇಸು. ಮೀನು ಹೆಚ್ಚುಕಡಿಮೆ ನೀರಿಗಾದರೂ ಹೊಂದಿಕೊಂಡೀತು, ದಿನಕ್ಕೊಂದು ಬಗೆಯ ನೀರಿಗೆ ಹೊಂದಿಕೊಳ್ಳಲಾರದು.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ನಮ್ಮ ಬೇಸಿಗೆ. ಈ ಮೀನಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಬಿಸುಪು ಸರಿ. ನಮ್ಮಲ್ಲಿ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವುದು ಸಾಮಾನ್ಯ. ಕರೆಂಟು ಹೋದರೆ ಒಳಗೂ ಕಾವು. ಇಪ್ಪತ್ತು ಲೀಟರ್ ನೀರು ನಿಧಾನವಾಗಿ ಕಾಯುತ್ತದೆ, ಅರ್ಧ ಲೀಟರ್ ನೀರು ನೋಡನೋಡುತ್ತಲೇ ಕಾಯುತ್ತದೆ. ತೊಟ್ಟಿಯನ್ನು ಬಿಸಿಲು ತಾಕದ ತಂಪು ಕೋಣೆಯಲ್ಲಿಟ್ಟು, ಗಾಜಿನ ಸುತ್ತ ಒದ್ದೆಬಟ್ಟೆ ಸುತ್ತಿ, ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಮಾಡಿದರೆ ಕೆಲವು ಡಿಗ್ರಿ ಇಳಿಯುತ್ತದೆ. ಮಂಜುಗಡ್ಡೆಯನ್ನು ನೇರವಾಗಿ ಹಾಕಬಾರದು. ಈ ತಿಂಗಳುಗಳಲ್ಲಿಯೇ ಕಾಲುವೆ ಬಂದಾಗಿ ಮನುಷ್ಯರಿಗೇ ನೀರಿನ ಬರ ಬರುತ್ತದೆ. ನೆರೆಯವರು ಕೊಡ ಹಿಡಿದು ಟ್ಯಾಂಕರಿಗೆ ಕಾಯುವಾಗ ನಾವು ಮೀನಿಗಾಗಿ ವಾರಕ್ಕೆ ಐದು ಲೀಟರ್ ನೀರನ್ನು ತೆಗೆದಿಡಬೇಕೇ ಎಂಬ ಪ್ರಶ್ನೆ ಆಗ ಏಳುತ್ತದೆ. ಕಟ್ಟಿದ ಮೇಲೆ ತೆಗೆದಿಡಲೇಬೇಕು. ಈ ಪ್ರಶ್ನೆಯನ್ನು ಕೇಳಬೇಕಾದುದು ಕಟ್ಟುವ ಮೊದಲು.

ಆಹಾರದ ಇಕ್ಕಟ್ಟು

ಸ್ಥಳ, ನೀರು, ಬಿಸುಪು ಇವುಗಳನ್ನು ಶ್ರಮದಿಂದ ಸರಿಪಡಿಸಬಹುದು. ಶ್ರಮದಿಂದಲೂ ಸರಿಪಡಿಸಲಾಗದ ಒಂದು ವಿಷಯವಿದೆ, ಅದು ಆಹಾರ. ಬೆಟ್ಟಾ ಮೀನು ಹುಟ್ಟಿನಿಂದ ಕೀಟಾಹಾರಿ. ಸೊಳ್ಳೆಯ ಮರಿ, ಸಣ್ಣ ಹುಳ ಇವೇ ಅದರ ಆಹಾರ. ಅಂಗಡಿಯ ಕಾಳುಗಳಲ್ಲಿಯೂ ಮೀನಿನ ಪುಡಿಯೋ ಕೀಟದ ಪುಡಿಯೋ ಇರುತ್ತದೆ. ಮಂಡಕ್ಕಿ, ಗೋದಿಹಿಟ್ಟು, ಅನ್ನದ ಅಗುಳು ಹಾಕಿ ಸಾಕುತ್ತೇವೆಂದು ಹೇಳುವವರಿದ್ದಾರೆ. ಅದು ಸಾಕುವುದಲ್ಲ, ಹೊಟ್ಟೆಗೆ ಒಗ್ಗದುದನ್ನು ಹಾಕಿ ನಿಧಾನವಾಗಿ ಉಪವಾಸ ಕೆಡವುವುದು. ಅದಕ್ಕೆ ಅನ್ನಪಾನನಿರೋಧವೆಂದೇ ಹೆಸರು. ಪರ್ವದಿನಗಳಲ್ಲಿ ನಾವು ಮಾಡುವ ಉಪವಾಸವು ನಮ್ಮ ಸಂಕಲ್ಪದಿಂದ ಆಗುವಂಥದು. ಸಂಕಲ್ಪವಿಲ್ಲದ ಜೀವಕ್ಕೆ ಹೇರಿದ ಹಸಿವು ತಪಸ್ಸಾಗುವುದಿಲ್ಲ.

ಈ ಸಂದರ್ಭದಲ್ಲಿ ನಮ್ಮ ಮಸ್ಕಿಯ ನೆನಪು ಬರುತ್ತದೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬುವನು ಅಲ್ಲಿ ಕಂಡ ಬಂಡೆಯ ಶಾಸನದಿಂದಲೇ, 'ದೇವಾನಾಂಪ್ರಿಯ'ನೆಂದು ಶಾಸನಗಳಲ್ಲಿ ಕರೆದುಕೊಂಡವನು ಅಶೋಕನೇ ಎಂಬುದು ಹೆಸರು ಸಹಿತ ಖಚಿತವಾಯಿತು. ಅದೇ ಅರಸನು ಉತ್ತರದಲ್ಲಿ ನಿಲ್ಲಿಸಿದ ಸ್ತಂಭಗಳ ಐದನೆಯ ಶಾಸನದಲ್ಲಿ, ಪಟ್ಟಕ್ಕೆ ಬಂದು 26 ವರ್ಷಗಳಾದ ಮೇಲೆ, ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನು ಕೊಟ್ಟಿದ್ದಾನೆ. ಕೆಲವು ಮೀನುಗಳೂ ಅದರಲ್ಲಿವೆ. ಗೊತ್ತಾದ ತಿಥಿಗಳಲ್ಲಿ ಮೀನನ್ನು ಕೊಲ್ಲುವುದನ್ನೂ ಮಾರುವುದನ್ನೂ ಅವನು ನಿಷೇಧಿಸಿದನು. ಒಂದು ಜೀವವನ್ನು ಇನ್ನೊಂದು ಜೀವ ತಿನ್ನಿಸಿ ಪೋಷಿಸಬಾರದೆಂಬ ಆಜ್ಞೆಯೂ ಅಲ್ಲಿಯೇ ಇದೆ. ಬೌದ್ಧನಾದ ಒಬ್ಬ ಚಕ್ರವರ್ತಿ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಪ್ರಜೆಗಳೆಲ್ಲರಿಗೂ ಇಷ್ಟನ್ನು ಹೇಳಿದ್ದಾನೆ. ಜೈನ ಗೃಹಸ್ಥನು ಇದಕ್ಕಿಂತ ಕಡಿಮೆಗೆ ಒಪ್ಪಬಹುದೇ?

ಕಾಡಿನಲ್ಲಿ, ನೀರಿನಲ್ಲಿ ಮೀನು ಹುಳವನ್ನು ತಿಂದರೆ ಆ ಕರ್ಮ ಆ ಜೀವದ್ದು. ನಾವು ಹುಳವನ್ನು ಕೊಂಡು ತಂದು ಅದರ ಮುಂದೆ ಹಾಕಿದರೆ ಕೃತ, ಕಾರಿತ, ಅನುಮೋದನೆ ಮೂರೂ ನಮ್ಮ ಲೆಕ್ಕಕ್ಕೆ ಬರುತ್ತವೆ. ಹಾಕದಿದ್ದರೆ ಹಸಿವಿನ ದೋಷ. ಕೊಂಡುತಂದ ಗಳಿಗೆಯಲ್ಲಿಯೇ ಎರಡೂ ಬದಿಯ ಬಾಗಿಲುಗಳು ಮುಚ್ಚಿಹೋಗುತ್ತವೆ. ಆದ್ದರಿಂದ ಜೈನ ಮನೆಯು ಇಂಥ ಮೀನನ್ನು ಕೊಳ್ಳಬಾರದೆಂಬುದು ನನ್ನ ನಿಶ್ಚಿತ ಅಭಿಪ್ರಾಯ. ಆದರೆ ಈಗಾಗಲೇ ಉಡುಗೊರೆಯಾಗಿ ಬಂದು ಮೇಜಿನ ಮೇಲೆ ಕುಳಿತಿರುವ ಮೀನಿನ ಗತಿಯೇನು? ನಮ್ಮ ಕೈಯಿಂದಲೇ, ತಿಳಿದೂ ತಿಳಿದೂ ಅದನ್ನು ಹಸಿವಿನಿಂದ ಕೊಲ್ಲುವುದು ಹೆಚ್ಚಿನ ಪಾಪ. ಜೀವಂತ ಹುಳಗಳನ್ನು ತರದೆ ಒಣಕಾಳುಗಳನ್ನು ಕೊಡಬೇಕು. ದಿನಕ್ಕೆ ಎರಡು ಸಲ ಎರಡು ಮೂರು ಕಾಳು ಸಾಕು, ಅದರ ಹೊಟ್ಟೆ ಅದರ ಕಣ್ಣಿನಷ್ಟೇ ದೊಡ್ಡದು. ಅದರಲ್ಲಿ ಉಳಿದ ದೋಷವನ್ನು ದೋಷವೆಂದೇ ಒಪ್ಪಿ ಪ್ರತಿಕ್ರಮಣದಲ್ಲಿ ನೆನೆಯಬೇಕು. ದೋಷವನ್ನು ಪುಣ್ಯದ ಖಾತೆಗೆ ಬರೆಯಬಾರದು.

ಬಿಟ್ಟುಬಿಡಬಹುದೇ?

ಹಾಗಿದ್ದರೆ ಕಾಲುವೆಗೆ ಬಿಟ್ಟು ಅಭಯದಾನ ಮಾಡೋಣ ಎಂದು ಕೆಲವು ಸಜ್ಜನರು ಸೂಚಿಸುತ್ತಾರೆ. ಸದುದ್ದೇಶದ ಈ ಕಾರ್ಯದಲ್ಲಿ ಎರಡು ಹಿಂಸೆಗಳಿವೆ. ತಲೆಮಾರುಗಳಿಂದ ತೊಟ್ಟಿಯಲ್ಲಿ ಬೆಳೆದ, ಉದ್ದ ರೆಕ್ಕೆಯಿಂದ ಸರಿಯಾಗಿ ಈಜಲೂ ಆಗದ ಮೀನು ಕಾಲುವೆಯ ಸೆಳೆತದಲ್ಲಿ ಬದುಕುವುದು ಕಷ್ಟ. ಒಂದು ವೇಳೆ ಬದುಕಿದರೆ ಇಲ್ಲಿಯ ಜಲಚರಗಳಿಗೆ ಹೊಸ ರೋಗವನ್ನೋ ಹೊಸ ವೈರವನ್ನೋ ತಂದೀತು. ಅಕ್ವೇರಿಯಂಗಳಿಂದ ಬಿಟ್ಟ ಸಕ್ಕರ್ ಮೀನು ಇಂದು ನಮ್ಮ ದೇಶದ ಹಲವು ಕೆರೆ ಕಾಲುವೆಗಳಲ್ಲಿ ಹಬ್ಬಿ, ಊರಿನ ಮೀನುಗಳ ಜಾಗವನ್ನು ಕಸಿದುಕೊಂಡಿರುವುದು ಕಣ್ಣೆದುರಿನ ನಿದರ್ಶನ.

ನಮ್ಮ ಹಿರಿಯರು ನೀರು ಗಾಳಿಸುವ ವಿಧಿಯಲ್ಲಿಯೇ ಈ ವಿವೇಕವನ್ನು ಇಟ್ಟಿದ್ದಾರೆ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಗಳನ್ನು ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ. ಆ ನೀರು ಯಾವ ಬಾವಿಯದೋ ಅದೇ ಬಾವಿಗೆ ಮೆಲ್ಲನೆ ಮುಟ್ಟಿಸಬೇಕು. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬದುಕದು ಎಂಬುದೇ ಅದರ ಕಾರಣ. ಕಥಾಕೋಶಗಳಲ್ಲಿ ಬರುವ ಮೃಗಸೇನ ಧೀವರನು ಬಲೆಗೆ ಬಿದ್ದ ಮೊದಲ ಮೀನನ್ನು ಬಿಡುವ ವ್ರತ ಹಿಡಿದನು. ಅದೇ ಮೀನು ಮತ್ತೆ ಮತ್ತೆ ಸಿಕ್ಕರೂ ಮತ್ತೆ ಮತ್ತೆ ಬಿಟ್ಟನು. ಅವನು ಬಿಟ್ಟದ್ದು ಅದು ಹುಟ್ಟಿ ಬೆಳೆದ ನೀರಿಗೆ. ಕೊಳತ್ತೂರಿನ ತೊಟ್ಟಿಯಲ್ಲಿ ಹುಟ್ಟಿದ ಮೀನಿಗೆ ಮರಳಲು ಅಂಥ ನೀರೇ ಇಲ್ಲ. ಅದಕ್ಕೆ ಇನ್ನು ನಾವೇ ಗತಿ. ಸಾಮಾನ್ಯವಾಗಿ 2ರಿಂದ 4 ವರ್ಷ ಅದರ ಆಯುಷ್ಯ; ಅಷ್ಟು ಕಾಲ ಚೆನ್ನಾಗಿ ನೋಡಿಕೊಳ್ಳುವುದೇ ಅದಕ್ಕೆ ಅಭಯದಾನ.

ಎದುರುಮಾತುಗಳು

ಮಕ್ಕಳು ಮೀನನ್ನು ಸಾಕಿ ದಯೆ ಕಲಿಯುತ್ತಾರಲ್ಲವೇ ಎಂಬುದು ಬಲವಾದ ಎದುರುಮಾತು. ಇದರಲ್ಲಿ ಸತ್ಯವಿದೆ. ಪ್ರತಿ ಭಾನುವಾರ ನೀರು ಬದಲಿಸುವ, ಥರ್ಮಾಮೀಟರ್ ನೋಡುವ ಹುಡುಗಿಯು ಖಂಡಿತವಾಗಿಯೂ ಏನನ್ನೋ ಕಲಿಯುತ್ತಾಳೆ. ಆದರೆ ಬಾಟಲಿಯ ಮೀನು ತಿಂಗಳೊಳಗೆ ಸತ್ತಾಗ ತಂದೆಯು ಮರುದಿನವೇ ಅದೇ ಬಣ್ಣದ ಇನ್ನೊಂದನ್ನು ತಂದಿಟ್ಟರೆ ಮಗು ಕಲಿಯುವುದು ಬೇರೆಯೇ ಪಾಠ: ಜೀವ ಹೋದರೆ ದುಡ್ಡಿಗೆ ಇನ್ನೊಂದು ಸಿಗುತ್ತದೆ ಎಂಬುದು. ಕನ್ನಡಿ ಹಿಡಿದು ಮೀನನ್ನು ರೇಗಿಸುವ, ಎರಡು ಗಂಡು ಮೀನುಗಳನ್ನು ಎದುರುಬದುರು ಇಟ್ಟು ಕಾದಾಟ ನೋಡುವ ಆಟಗಳ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಅಂಗಡಿಯ ಇಕ್ಕಟ್ಟಿನಿಂದ ಒಂದನ್ನಾದರೂ ಬಿಡಿಸಿ ತಂದೆವಲ್ಲ ಎನ್ನುವವರೂ ಉಂಟು. ಮಾರಾಟವಾದ ಮಾಲಿನ ಜಾಗಕ್ಕೆ ಮತ್ತೆ ಮಾಲು ಬರುತ್ತದೆಂಬುದನ್ನು ಗಲ್ಲಾದ ಮುಂದೆ ಕುಳಿತವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನು ಮಂಗಳದ ಮಾತು. ಶ್ವೇತಾಂಬರ ಪರಂಪರೆಯ ಅಷ್ಟಮಂಗಲದಲ್ಲಿ ಮತ್ಸ್ಯಯುಗಲವಿದೆ. ದಿಗಂಬರ ಪರಂಪರೆಯಲ್ಲಿ ಅರನಾಥ ತೀರ್ಥಂಕರರ ಲಾಂಛನ ಮತ್ಸ್ಯ. ಎರಡೂ ಕೆತ್ತನೆಗಳು, ಸೆರೆಯಲ್ಲಿಟ್ಟ ಜೀವಗಳಲ್ಲ. ಮೀನನ್ನು ಮಂಗಳವೆಂದು ಗೌರವಿಸಿದವರು ಅದನ್ನು ಕಲ್ಲಿನಲ್ಲಿ, ಬೆಳ್ಳಿಯಲ್ಲಿ, ಅಕ್ಕಿಯ ಮೇಲೆ ಬರೆದು ತೃಪ್ತರಾದರು.

ಬಸದಿ, ಮಂದಿರಗಳ ಟ್ರಸ್ಟುಗಳಿಗೆ

ವ್ಯಕ್ತಿಗಳಿಗಿಂತ ಸಂಸ್ಥೆಗಳ ಹೊಣೆ ಹೆಚ್ಚು, ಏಕೆಂದರೆ ಅವುಗಳನ್ನು ನೋಡಿ ಹತ್ತು ಮನೆಗಳು ನಡೆಯುತ್ತವೆ. 1960ರ ಪ್ರಾಣಿಹಿಂಸೆ ತಡೆ ಅಧಿನಿಯಮವು ಮನುಷ್ಯನ ಹೊರತು ಪ್ರತಿಯೊಂದು ಜೀವಿಯನ್ನೂ ಪ್ರಾಣಿಯೆಂದು ಪರಿಗಣಿಸುತ್ತದೆ. ಚಲಿಸಲು ಸಾಕಷ್ಟು ಜಾಗವಿಲ್ಲದ ಪಂಜರದಲ್ಲಿ, ಪಾತ್ರೆಯಲ್ಲಿ ಇಡುವುದು, ಸಾಕಷ್ಟು ಆಹಾರ ನೀರು ಕೊಡದಿರುವುದು, ಮನರಂಜನೆಗಾಗಿ ಕಾದಾಡಿಸುವುದು ಇವು ಅದರ 11ನೆಯ ಕಲಮಿನ ಪ್ರಕಾರ ಅಪರಾಧಗಳು. ನಮ್ಮ ಅತಿಚಾರಗಳ ಪಟ್ಟಿಯೇ ಕಾನೂನಿನ ಭಾಷೆಯಲ್ಲಿ ಮರಳಿ ಬಂದಂತಿದೆ.

ಆದ್ದರಿಂದ ಧರ್ಮಶಾಲೆ, ಪಾಠಶಾಲೆಗಳಲ್ಲಿ ಅಲಂಕಾರಕ್ಕೆಂದು ಅಕ್ವೇರಿಯಂ ಇಡಬಾರದು; ದಾನಿಗಳು ಕೊಟ್ಟರೂ ವಿನಯದಿಂದ ಬೇಡವೆನ್ನಬೇಕು. ಪರ್ಯುಷಣದ ದಿನಗಳಲ್ಲಿ ಅಂಗಡಿಯ ಮೀನುಗಳನ್ನು ಕೊಂಡು ಕೆರೆಗೆ ಬಿಡುವ ಕಾರ್ಯಕ್ರಮ ಬೇಡ. ಜೀವದಯೆಯ ಹಣವಿದ್ದರೆ ಅದು ಊರಿನ ಕೆರೆಯ ಹೂಳಿಗೆ, ಕೊಳಕು ನೀರು ಸೇರದಂತೆ ತಡೆಯುವುದಕ್ಕೆ ಸಲ್ಲಲಿ. ನಮ್ಮ ನಾಡಿನಲ್ಲಿಯೇ ಇದಕ್ಕೆ ಮಾದರಿಯಿದೆ. ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನು, ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನುಗಳನ್ನು ದೇವಸ್ಥಾನದ ಭಕ್ತಿಯೇ ಕಾಯುತ್ತದೆ. ಅಲ್ಲಿ ಮೀನಿಗೆ ಗಾಜಿಲ್ಲ, ಬಲೆಯೂ ಇಲ್ಲ. ಅದರ ನೀರು ಅದರದೇ. ಶೃಂಗೇರಿಯಲ್ಲಿ ಆ ಮೀನುಗಳನ್ನು ಸುತ್ತಿ ಹರಿದ ತುಂಗೆಯೇ ಮುಂದೆ ಭದ್ರೆಯೊಡನೆ ಕೂಡಿ ನಮ್ಮ ಎಡದಂಡೆ ಕಾಲುವೆಗೆ ಬರುತ್ತಾಳೆ. ನಮ್ಮ ಪಾಲಿನ ಆ ನೀರನ್ನು ನಾವೂ ಹಾಗೆ ಕಾಯಬಹುದು.

ಮನೆಯಲ್ಲಿ ಈಗಾಗಲೇ ಮೀನಿರುವವರು ಇಂದೇ ಅದರ ಬಾಟಲಿಯನ್ನು ಬದಲಿಸಿ ದೊಡ್ಡ ತೊಟ್ಟಿಗೆ ವ್ಯವಸ್ಥೆ ಮಾಡಲಿ, ನೀರನ್ನು ಹಿಂದಿನ ದಿನವೇ ತುಂಬಿಡಲಿ, ಅದರ ಆಯುಷ್ಯ ಮುಗಿಯುವವರೆಗೆ ನೋಡಿಕೊಳ್ಳಲಿ. ಇಲ್ಲದವರು ತರದಿರಲಿ. ಮಗು ಹಟ ಹಿಡಿದರೆ ಗದರಿಸದೆ, ಆ ಮೀನಿಗೆ ಎಷ್ಟು ನೀರು ಬೇಕು, ಏನು ಆಹಾರ ಬೇಕು, ಬೇಸಿಗೆಯಲ್ಲಿ ಏನು ಮಾಡಬೇಕು ಎಂಬುದನ್ನು ಕಾಗದದ ಮೇಲೆ ಮಗುವಿನ ಕೈಯಿಂದಲೇ ಬರೆಸಿರಿ. ಬರೆದು ಮುಗಿಸಿದ ಮೇಲೆ ತರಬೇಕೋ ಬೇಡವೋ ಎಂದು ಅದನ್ನೇ ಕೇಳಿರಿ. ಮಕ್ಕಳು ಈ ಲೆಕ್ಕದಲ್ಲಿ ನಮಗಿಂತ ಪ್ರಾಮಾಣಿಕರು.